ನಿನ್ನ ಪಾಲಿನ ಗ್ಲಾಸು

ಫೆಬ್ರವರಿ ೯

ಲೋ ಪೇಂಟರ್,

ನಾನು ಬಂದು ತಲುಪಿ ವಾರವಾಯಿತು. ನಿನ್ನ ಕಿವಿಗೂ ಫೋನಿಗೂ ಆಗಿಬರುವುದಿಲ್ಲ, ಅದಕ್ಕೇ ಈ ಕಾಗದ. ನನ್ನ ಕೋಳಿಗೀಚನ್ನು ನೋಡಿ ನಗಬೇಡ. ಊರಿನ ಅರ್ಧ ಬೋರ್ಡುಗಳನ್ನು ಬರೆದವನಿಗೆ ಕಾಗದ ಬರೆಯಲು ಹೋಗಿ ಆಗಲೇ ಎರಡು ಹಾಳೆ ಹರಿದು ಹಾಕಿದೆ.

ಅಕ್ಕನ ಲಾಂಡ್ರಿ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಮುಂದೆ ಕೌಂಟರು, ಹಿಂದೆ ಒಗೆಯುವ ಯಂತ್ರಗಳು, ನಡುವೆ ಇಸ್ತ್ರಿ ಮೇಜುಗಳು, ಮಹಡಿಯ ಮೇಲೆ ನನಗೊಂದು ಕೋಣೆ. ಇಷ್ಟು ವರ್ಷ ಲಿಫ್ಟು ರಿಪೇರಿ ಮಾಡಿದವನ ಕೈಗೆ ಅಕ್ಕ ಇಸ್ತ್ರಿಪೆಟ್ಟಿಗೆ ಕೊಟ್ಟಿದ್ದಾಳೆ. ಮೊದಲ ದಿನವೇ ಯಾರದೋ ಬಿಳಿ ಅಂಗಿಯ ಕಾಲರು ಸುಟ್ಟೆ. "ಮೇಲೆ ಕೆಳಗೆ ಹೋಗೋದು ಬಿಟ್ರೆ ಬೇರೇನೂ ಬರಲ್ವೇನೋ ನಿಂಗೆ?" ಎಂದು ಗಿರಾಕಿಗಳ ಎದುರಿಗೇ ಬೈದಳು.

ಇಲ್ಲಿಯ ಬಾರಿಗೂ ಹೋಗಿದ್ದೆ. ಒಂದು ಗ್ಲಾಸು ಬಿಯರಿಗೆ ನೂರ ನಲವತ್ತು ಕಣೋ! ಅದರಲ್ಲೂ ಅರ್ಧ ನೊರೆ. "ಗ್ಲಾಸನ್ನೂ ಮನೆಗೆ ತಗೊಂಡು ಹೋಗಬಹುದಾ?" ಎಂದು ಕೇಳಿದೆ. ಬಡಿಸುವವನು ನಗಲಿಲ್ಲ. ನಮ್ಮ ಅಣ್ಣನ ಬಾರಿನಲ್ಲಿ ಗ್ಲಾಸಿಗೆ ನನಗೆ ಎಂಟು ರೂಪಾಯಿ, ನಿನಗೆ ಆರು ಎಂದು ಅಕ್ಕನಿಗೆ ಹೇಳಿದರೆ ನಂಬಲೇ ಇಲ್ಲ. ಬಾರಿನ ಯಜಮಾನನನ್ನು ಊರೆಲ್ಲ ಅಣ್ಣ, ಅವನ ಹೆಂಡತಿಯನ್ನು ಅತ್ತಿಗೆ ಎನ್ನುತ್ತದೆ ಎಂಬಲ್ಲಿಂದ ಬಿಡಿಸಿ ಹೇಳಬೇಕಾಯಿತು. ಮೊದಲ ಗ್ಲಾಸು ಕುಡಿದ ದಿನ ಬೋರ್ಡಿನ ಮೇಲೆ ಎಷ್ಟಿತ್ತೋ ಅದೇ ಅವನ ದರ, ಅವನು ಬರುತ್ತಿರುವವರೆಗೂ ಅದೇ, ಪೂರ್ತಿ ಒಂದು ತಿಂಗಳು ತಪ್ಪಿಸಿದರೆ ಮಾತ್ರ ಎಲ್ಲರ ಹಾಗೆ ಬೋರ್ಡಿನ ದರ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆ ಆ ಮಾತನ್ನು ಮುರಿದಿಲ್ಲ ಎಂದೆ. "ಆ ಬಾರ್ ಇನ್ನೂ ಮುಚ್ಚಿಲ್ವಾ?" ಎಂದಳು ಅಕ್ಕ.

ನಾನು ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ನನ್ನ ಪಾಲಿನ ಗ್ಲಾಸನ್ನು ನೀನು ಕುಡಿದು ನನ್ನ ದರ ಉಳಿಸಿದ್ದೆಯಲ್ಲ, ಈಗಲೂ ಹಾಗೇ ಮಾಡು. ಬದಲಿಗೆ ಬಂದವನು ಕುಡಿದರೂ ನಡೆಯುತ್ತದೆ ಎಂದು ಅಣ್ಣನೇ ಹೇಳಿದ್ದ. ಹಣ ಇದರ ಜೊತೆ ಕಳಿಸಿದ್ದೇನೆ. ಜೂನ್ ಹೊತ್ತಿಗೆ ಬಂದುಬಿಡುತ್ತೇನೆ. ಅಲ್ಲಿಯವರೆಗೆ ನನ್ನ ಎಂಟನ್ನು ಜೋಪಾನ ಮಾಡು.

ನಿನ್ನ,
ಲಿಫ್ಟು


ಫೆಬ್ರವರಿ ೨೪

ಲಿಫ್ಟು ಮಹಾರಾಯರಿಗೆ,

ನಿನ್ನ ಕಾಗದವನ್ನು ಓದುವುದಕ್ಕೆ ಎರಡು ಸಂಜೆ ಹಿಡಿಯಿತು. ಬೇಕಾದರೆ ನಾನು ಒಂದು ಅಕ್ಷರಮಾಲೆ ಬರೆದು ಕಳಿಸುತ್ತೇನೆ, ತಿದ್ದಿ ಕಲಿ.

ಅತ್ತಿಗೆಯ ಹತ್ತಿರ ಮಾತಾಡಿದೆ. ಮೊದಲು ಹುಬ್ಬು ಗಂಟು ಹಾಕಿದರು. "ಆಸ್ಪತ್ರೇಲಿ ಇದ್ದೋನಿಗೆ ಅಂತ ಮಾಡಿದ್ದು ಅದು. ಊರು ಬಿಟ್ಟೋನಿಗೂ ನಡೆಯುತ್ತಾ?" ಎಂದರು. "ಬಿಟ್ಟಿಲ್ಲ, ಹೋಗಿದ್ದಾನೆ ಅಷ್ಟೆ" ಎಂದೆ. ಆಮೇಲೆ ನಕ್ಕು, ತಿಂಗಳಿಗೆ ಒಂದು ಕುಡಿದರೆ ಸಾಕು ಎಂದರು. ನಾನು ವಾರಕ್ಕೊಂದು ಎಂದು ಇಟ್ಟುಕೊಂಡಿದ್ದೇನೆ. ಮರೆತುಹೋಗಿ ಎಡವಟ್ಟಾದರೆ ನಿನಗೆ ಯಾರು ಉತ್ತರ ಕೊಡುವುದು? ಮೊದಲು ನನ್ನದು ಕುಡಿಯುತ್ತೇನೆ. ಆಮೇಲೆ ಎದುರಿನ ನಿನ್ನ ಕುರ್ಚಿಗೆ ಹೋಗಿ ಕೂತು ನಿನ್ನದು. ಅಲ್ಲಿಂದ ನೋಡಿದರೆ ಬೀದಿ ಕಾಣುತ್ತದೆ, ನನ್ನ ಕಡೆಯಿಂದ ಬರೀ ಕಕ್ಕಸಿನ ಬಾಗಿಲು. ಇಷ್ಟು ವರ್ಷ ಒಳ್ಳೆಯ ಜಾಗ ನೀನೇ ಹಿಡಿದುಕೊಂಡು ಕೂತಿದ್ದೆಯಲ್ಲೋ ಕಳ್ಳ.

ಬೋರ್ಡಿನ ದರ ಈಗ ನೂರ ಹತ್ತು. ಮೊನ್ನೆ ನಾನೇ ಬರೆದೆ. ಪಕ್ಕದ ಮೇಜಿನ ಹುಡುಗರು ಬೈದುಕೊಂಡೇ ಕುಡಿದರು. ನಮ್ಮ ಹಾಗೆ ಹಳೆಯ ದರದವರು ಅಂತ ಇನ್ನು ಬೆರಳೆಣಿಕೆಯಷ್ಟೂ ಇಲ್ಲ. ಒಂದು ಕಾಲದಲ್ಲಿ ಸಂಜೆಯ ಕೂಲಿಯಲ್ಲಿ ಮನೆಗೆ ಸಾಮಾನು ಕೊಂಡು, ಮಗಳಿಗೆ ಪೆನ್ಸಿಲು ಕೊಂಡು, ಇಬ್ಬರೂ ಎರಡೆರಡು ಗ್ಲಾಸು ಕುಡಿದು, ಮೇಲೆ ಹುರಿದ ಕಡಲೆಕಾಯಿ ತಿಂದು ಬರುತ್ತಿದ್ದೆವು ಎಂದರೆ ಆ ಹುಡುಗರು ನನ್ನನ್ನು ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ.

ನಿನ್ನ ಎಂಟಕ್ಕೆ ಏನೂ ಆಗಿಲ್ಲ. ನೆಮ್ಮದಿಯಾಗಿ ಇಸ್ತ್ರಿ ಹಾಕು.

ಪೇಂಟರ್


ಏಪ್ರಿಲ್ ೬

ಪೇಂಟರ್,

ಉತ್ತರ ತಡವಾಯಿತು. ಹೋಟೆಲೊಂದರ ಹಾಸಿಗೆ ಹೊದಿಕೆಗಳ ಕೆಲಸ ಸಿಕ್ಕಿದೆ, ಅಕ್ಕ ಉಸಿರಾಡಲು ಬಿಡುತ್ತಿಲ್ಲ. ಒಗೆಯುವ ಯಂತ್ರವೊಂದರ ಮೋಟಾರು ಕೆಟ್ಟಿತ್ತು, ಬಿಚ್ಚಿ ಸರಿ ಮಾಡಿದೆ. ಆಗಿನಿಂದ ಗಿರಾಕಿಗಳ ಹತ್ತಿರ "ನಮ್ಮ ತಮ್ಮ ಇಂಜಿನಿಯರು" ಎನ್ನುತ್ತಿದ್ದಾಳೆ. ಸುಟ್ಟ ಕಾಲರಿನ ಸುದ್ದಿ ಎತ್ತುವುದಿಲ್ಲ.

ಇಲ್ಲಿ ಬಿಯರಿನ ದರ ಮತ್ತೆ ಏರಿತು. ನೂರ ಐವತ್ತು! ಬೋರ್ಡು ನೋಡಿ, ತಿರುಗಿ, ಮನೆಗೆ ಬಂದು ಮಜ್ಜಿಗೆ ಕುಡಿದೆ. ನಮ್ಮ ಮೇಜು ತುಂಬಾ ನೆನಪಾಯಿತು ಕಣೋ. ಸಂಬಳದ ದಿನ ಜೇಬು ಮುಟ್ಟಿ ನೋಡದೆ "ಇನ್ನೊಂದು" ಎನ್ನುತ್ತಿದ್ದೆವಲ್ಲ, ಆ ಧೈರ್ಯ ಆಮೇಲೆ ನನಗೆ ಎಲ್ಲೂ ಬರಲಿಲ್ಲ. ಇವತ್ತು ಒಂದು ಗ್ಲಾಸು ಹೇಳುವ ಮುಂಚೆ ಮೂರು ಸಲ ಯೋಚಿಸುತ್ತೇನೆ.

ಜೂನಿಗೆ ಆಗುವುದು ಅನುಮಾನ. ಅಕ್ಕನ ಮಂಡಿ ನೋವು ಜಾಸ್ತಿಯಾಗಿದೆ, ಮೆಟ್ಟಿಲು ಹತ್ತಲಾರಳು. ಸೆಪ್ಟೆಂಬರ್ ಎಂದುಕೊಂಡಿದ್ದೇನೆ. ನನ್ನ ದರ ಮಾತ್ರ ಸಾಯಬಾರದು, ನೋಡಿಕೋ.

ಲಿಫ್ಟು


ಮೇ ೧೭

ಲಿಫ್ಟು,

ಒಂದು ವಿಷಯ ಕೇಳಬೇಕಿತ್ತು. ಕಳೆದ ವಾರ ನಿನ್ನ ಮನೆಯ ಓನರು ನನ್ನ ಹತ್ತಿರ ಬಂದು ಒಂದು ಸಣ್ಣ ಬೋರ್ಡು ಬರೆದುಕೊಡಲು ಹೇಳಿದರು. "ಮನೆ ಬಾಡಿಗೆಗೆ ಇದೆ." ಯಾವ ಮನೆ ಎಂದು ಕೇಳಿದೆ. ನಿನ್ನದೇ. ಏಪ್ರಿಲ್‌ನಲ್ಲೇ ನೀನು ಬರೆದು ತಿಳಿಸಿ, ಅಡ್ವಾನ್ಸು ವಾಪಸು ತರಿಸಿಕೊಂಡೆಯಂತೆ. ಸಾಮಾನನ್ನೆಲ್ಲ ಮಾರಿಬಿಡಲು ಹೇಳಿದೆಯಂತೆ. ಏಪ್ರಿಲ್‌ನಲ್ಲಿ ನನಗೂ ಒಂದು ಕಾಗದ ಬರೆದಿದ್ದೆ, ಅದರಲ್ಲಿ ಇದು ಇರಲಿಲ್ಲ.

ಬರೆದುಕೊಟ್ಟೆ. ಕೆಲಸ ಕೆಲಸವೇ. ನನ್ನ ಮನೆಯ ಹತ್ತಿರವೇ ಬೇರೆ ಮನೆ ನೋಡಬೇಕು ಅಂದುಕೊಂಡಿರಬಹುದು ಎಂದು ನಾನೇ ಸಮಾಧಾನ ಮಾಡಿಕೊಂಡೆ. ಅತ್ತಿಗೆ ಕೇಳಿದಾಗಲೂ ಹಾಗೇ ಹೇಳಿದೆ. ಅತ್ತಿಗೆ ನನ್ನ ಮುಖ ನೋಡಿ ಗ್ಲಾಸು ಒರೆಸತೊಡಗಿದರು.

ನಿನ್ನ ಗ್ಲಾಸನ್ನು ಈಗ ವಾರದಲ್ಲಿ ಎರಡು ಮೂರು ಸಲ ಕುಡಿಯುತ್ತಿದ್ದೇನೆ. ಯಾರೂ ಬಾಯಿ ಎತ್ತುವ ಹಾಗಿರಬಾರದು. ಊಟ ಅಷ್ಟಾಗಿ ಸೇರುತ್ತಿಲ್ಲ, ಮೈ ಸುಮ್ಮನೆ ಕೆರೆಯುತ್ತದೆ. ಬಿಸಿಲಿನ ಕಾಟ. ಔಷಧಿ ಅಂಗಡಿಯ ಬೋರ್ಡಿನಲ್ಲಿ ಒಂದು ಅಕ್ಷರವನ್ನೇ ನುಂಗಿಬಿಟ್ಟೆ ಕಣೋ. ಜನ್ಮದಲ್ಲಿ ಹಾಗೆ ಮಾಡಿರಲಿಲ್ಲ. ಬಿಳಿ ಬಳಿದು ಮೊದಲಿನಿಂದ ಬರೆದೆ.

ಸೆಪ್ಟೆಂಬರಿಗೆ ಬರುತ್ತೀಯ ತಾನೆ? ಅಷ್ಟು ಬರೆದರೆ ಸಾಕು.

ಪೇಂಟರ್


ಜುಲೈ ೧

ಚಿಕ್ಕಪ್ಪನವರಿಗೆ ನಮಸ್ಕಾರ.

ನಾನು ಪೇಂಟರ್ ಮಗಳು. ಚಿಕ್ಕವಳಿದ್ದಾಗ ನಿಮ್ಮ ಹೆಗಲ ಮೇಲೆ ಕೂತು ಲಿಫ್ಟಿನ ಮೋಟಾರ್ ಕೋಣೆ ನೋಡಲು ಬರುತ್ತಿದ್ದೆನಲ್ಲ, ಅವಳೇ. ನಿಮ್ಮ ವಿಳಾಸ ಅಪ್ಪನ ಬಣ್ಣದ ಪೆಟ್ಟಿಗೆಯಲ್ಲಿತ್ತು. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ.

ಅಪ್ಪನಿಗೆ ಹುಷಾರಿಲ್ಲ. ಕಣ್ಣು ಹಳದಿಯಾಗಿವೆ, ಹೊಟ್ಟೆ ಊದಿದೆ, ಕೈಕಾಲು ಸಣ್ಣಗಾಗಿವೆ. ಮೇ ಕೊನೆಯಲ್ಲಿ ಏಣಿಯ ಮೇಲೆ ತಲೆಸುತ್ತು ಬಂತು, ಅದೃಷ್ಟಕ್ಕೆ ಕೆಳಗಿನ ಮೆಟ್ಟಿಲಲ್ಲೇ ಇದ್ದರು. ಡಾಕ್ಟರು ಲಿವರ್ ಹಾಳಾಗಿದೆ, ಇನ್ನು ಒಂದು ತೊಟ್ಟೂ ಮುಟ್ಟಬಾರದು, ಮುಟ್ಟಿದರೆ ನಾನು ಜವಾಬ್ದಾರನಲ್ಲ ಎಂದು ನನ್ನ ಮುಂದೆಯೇ ಹೇಳಿದರು. ಅಪ್ಪ ತಲೆ ಆಡಿಸಿ "ಬಿಟ್ಟೆ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಆಸ್ಪತ್ರೆಯ ಬಾಗಿಲಲ್ಲೇ ಅತ್ತೆ.

ಆಮೇಲೂ ಸಂಜೆ ಬಾರಿಗೆ ಹೋಗಿ ಬರುತ್ತಿದ್ದರು. ಸುಮ್ಮನೆ ಕೂತು ಬರುತ್ತಾರೆ ಎಂದುಕೊಂಡಿದ್ದೆ. ಒಂದು ದಿನ ಫ್ಯಾಕ್ಟರಿಯಿಂದ ಬರುತ್ತ ನೋಡಿದರೆ ಗ್ಲಾಸು ಎತ್ತುತ್ತಿದ್ದಾರೆ. ಮೈ ಉರಿದುಹೋಯಿತು. ಬೀದಿಯಲ್ಲೇ ಜಗಳವಾಡಿದೆ. ಅದಕ್ಕೆ ಅವರು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ ಚಿಕ್ಕಪ್ಪ. "ನಂದು ಅವತ್ತೇ ಬಿಟ್ಟೆ ಕಣಮ್ಮ. ಬೇಕಾದ್ರೆ ಅತ್ತಿಗೇನ ಕೇಳು. ಇದು ನಂದಲ್ಲ, ಅವನದು. ನಂದು ಬಿಡೋಕೆ ನನಗೆ ಅಧಿಕಾರ ಇದೆ, ಅವನದು ಬಿಡೋಕೆ ನಾನ್ಯಾರು?"

ಅತ್ತಿಗೆಯನ್ನು ಕೇಳಿದೆ. ನಿಜವಂತೆ. ಒಂದು ತಿಂಗಳು ಅಪ್ಪ ತಮ್ಮ ಗ್ಲಾಸನ್ನು ಮುಟ್ಟಲಿಲ್ಲವಂತೆ, ಅವರ ಆರು ಹೊರಟುಹೋಯಿತಂತೆ. ನಿಮ್ಮ ಎಂಟು ಮಾತ್ರ ನಡೆಯುತ್ತಿದೆ.

ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ನಾನು ಬೈದಾಯಿತು, ಅತ್ತಾಯಿತು, ಊಟ ಬಿಟ್ಟಾಯಿತು. ನಿಮ್ಮ ಮಾತನ್ನು ಕೇಳುತ್ತಾರೆ. ಮೇ ತಿಂಗಳ ಕಾಗದಕ್ಕೆ ನೀವು ಉತ್ತರವನ್ನೂ ಬರೆಯಲಿಲ್ಲ. ದಿನಾ ಅಂಚೆಯವನು ಬರುವ ಹೊತ್ತಿಗೆ ಹೊರಗೆ ಬಂದು ನಿಲ್ಲುತ್ತಾರೆ. ದಯವಿಟ್ಟು ಬರೆಯಿರಿ.

ಮಗಳು


ಜುಲೈ ೮

ಲೋ ಪೇಂಟರ್,

ನಿನಗೆ ಬುದ್ಧಿ ಇದೆಯಾ? ಮಗಳು ಎಲ್ಲಾ ಬರೆದಿದ್ದಾಳೆ. ಅವಳ ಮೇಲೆ ಕೂಗಾಡಬೇಡ, ಅವಳು ಬರೆಯದಿದ್ದರೆ ನನಗೆ ಯಾರು ಹೇಳುತ್ತಿದ್ದರು? ಬಿಸಿಲಿನ ಕಾಟ ಅಂತೆ!

ಆ ಎಂಟು ತಮಾಷೆ ಕಣೋ. ಕಾಗದದಲ್ಲಿ ಬರೆಯಲು ಏನಾದರೂ ಬೇಕಲ್ಲ, ಅದಕ್ಕೆ ಬರೆದದ್ದು. ನಿನ್ನ ಆರನ್ನು ಬಿಟ್ಟು ನನ್ನ ಎಂಟನ್ನು ಹಿಡಿದುಕೊಂಡು ಕೂತಿದ್ದೀಯಲ್ಲ, ನಿನ್ನದು ನನ್ನದಕ್ಕಿಂತ ಹಳೆಯದು, ಅಗ್ಗದ್ದು, ಅದರ ಜಂಬ ನೀನು ನನ್ನ ಮುಂದೆ ಎಷ್ಟು ಕೊಚ್ಚಿಕೊಂಡಿದ್ದೀಯ! ಓದಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ನನ್ನ ದರ ಹಾಳಾಗಿ ಹೋಗಲಿ. ಇವತ್ತಿಂದ ನನ್ನ ಗ್ಲಾಸು ಮುಟ್ಟಬೇಡ. ಡಾಕ್ಟರು ಹೇಳಿದ ಹಾಗೆ ಕೇಳು. ಔಷಧಿಗೆ ಹಣ ಬೇಕಿದ್ದರೆ ಬರೆ.

ಲಿಫ್ಟು


ಜುಲೈ ೧೬

ಲಿಫ್ಟು,

ತಮಾಷೆ ಎಂದು ನನಗೆ ಯಾರೂ ಹೇಳಲಿಲ್ಲ. ಜೋಪಾನ ಮಾಡು ಎಂದೆ, ಮಾಡಿದೆ. ಸಾಯಬಾರದು ಎಂದೆ, ಸಾಯಿಸಲಿಲ್ಲ.

ನೀನು ಬಂದು ನಿನ್ನ ಕುರ್ಚಿಯಲ್ಲಿ ಕೂತು ನಿನ್ನದನ್ನು ನೀನು ಕುಡಿ. ಆ ದಿನ ನಾನು ಬಿಡುತ್ತೇನೆ. ಅಲ್ಲಿಯವರೆಗೆ ಬಿಡುವುದಿಲ್ಲ. ಯಾವ ದಿನ ಬರುತ್ತೀಯ ಎಂದು ಬರೆ. ಬೇರೇನೂ ಬರೆಯಬೇಡ. ಹಣದ ಮಾತಂತೂ ಎತ್ತಲೇಬೇಡ.

ಪೇಂಟರ್


ಜುಲೈ ೨೪

ಅತ್ತಿಗೆಯವರಿಗೆ ನಮಸ್ಕಾರ.

ಪೇಂಟರನ ಸ್ಥಿತಿ ನಿಮ್ಮ ಕಣ್ಣೆದುರಿಗೇ ಇದೆ, ನಾನು ಹೇಳಬೇಕಿಲ್ಲ. ನಿಮಗೆ ಕೈಮುಗಿದು ಕೇಳುತ್ತೇನೆ, ನನ್ನ ದರವನ್ನು ಈ ಕಾಗದ ಕಂಡ ದಿನವೇ ತೆಗೆದುಹಾಕಿ. ಲಿಫ್ಟು ಬೇಡ ಎಂದ ಎಂದು ಅವನಿಗೆ ಹೇಳಿ. ನನ್ನ ಹೆಸರಿನಲ್ಲಿ ಅವನಿಗೆ ಒಂದು ಹನಿ ಕೊಟ್ಟರೂ ಅದು ನನ್ನ ಕೈಯಿಂದಲೇ ಕೊಟ್ಟ ಹಾಗೆ ಆಗುತ್ತದೆ.

ಲಿಫ್ಟು


ಆಗಸ್ಟ್ ೨

ಲಿಫ್ಟು,

ನಿನ್ನ ಕಾಗದವನ್ನು ಪೇಂಟರನಿಗೆ ತೋರಿಸಿದೆ. ಓದಿ ಮಡಿಸಿ ನನ್ನ ಕೈಗೇ ಕೊಟ್ಟ. "ಅವನಕ್ಕ ಬರೆಸಿರ್ತಾಳೆ, ಇಲ್ಲಾ ನನ್ನ ಮಗಳು" ಎಂದ. ನಾನು ಬಡಿಸುವುದಿಲ್ಲ ಎಂದು ಗಟ್ಟಿಯಾಗಿ ನಿಂತೆ. ಹಾಗಾದರೆ ಮೂಲೆಯ ಅಂಗಡಿಯಲ್ಲಿ ಬಾಟಲಿ ಕೊಂಡು ನಿನ್ನ ಹೆಸರಲ್ಲಿ ಕುಡಿಯುತ್ತೇನೆ ಎಂದು ಎದ್ದ. ಅಲ್ಲಿ ಕುಡಿದರೆ ಲಂಗುಲಗಾಮು ಇರುವುದಿಲ್ಲ. ಇಲ್ಲಾದರೆ ಗ್ಲಾಸು ಚಿಕ್ಕದು ಮಾಡಿ, ಮುಕ್ಕಾಲು ಸೋಡ ಬೆರೆಸಿ ಕೊಡುತ್ತಿದ್ದೇನೆ. ಅವನಿಗೆ ಗೊತ್ತಾಗುತ್ತದೆ, ಆದರೂ ಸುಮ್ಮನೆ ಕುಡಿಯುತ್ತಾನೆ. ಈ ವಯಸ್ಸಿನಲ್ಲಿ ನನಗೆ ಇದೆಂಥ ಕೆಲಸ ಹಚ್ಚಿದಿರಪ್ಪ ಇಬ್ಬರೂ ಸೇರಿ?

ನಿಮ್ಮ ಅಣ್ಣ ಮಾಡಿಟ್ಟ ಪದ್ಧತಿ ನಿನಗೂ ಗೊತ್ತು. ದರ ಯಾರದೋ ಅವನೇ ಬಂದು, ಕೌಂಟರಿನ ಮೇಲೆ ಬೋರ್ಡಿನ ದರ ಎಣಿಸಿಟ್ಟು ಒಂದು ಗ್ಲಾಸು ಕೊಂಡರೆ ಅಲ್ಲಿಗೆ ಹಳೆಯ ದರ ಮುಗಿಯಿತು. ಆಮೇಲೆ ಬೇಕೆಂದರೂ ವಾಪಸು ಬರುವುದಿಲ್ಲ. ಪೇಂಟರ್ ಅದನ್ನು ಒಪ್ಪಲೇಬೇಕು, ಕಣ್ಣಾರೆ ನೋಡಿದ ಮೇಲೆ ಅವನಿಗೆ ಬೇರೆ ದಾರಿ ಇಲ್ಲ. ಕಾಗದದಲ್ಲಿ ಇದು ಬಗೆಹರಿಯುವುದಿಲ್ಲ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಅವನು ಕಾಯುತ್ತಿರುವುದು ನಿನ್ನ ದರವನ್ನಲ್ಲ. ಬರುತ್ತೀಯೋ ಇಲ್ಲವೋ, ಬಾಯಿಬಿಟ್ಟು ಹೇಳು.

ಅತ್ತಿಗೆ


ಆಗಸ್ಟ್ ೨೦

ಗೆಳೆಯಾ,

ಇದನ್ನಾದರೂ ಓದು. ಮನೆಗೆ ಬಂದು ಬಾಗಿಲು ತಟ್ಟಿದೆ, ನೀನು ತೆಗೆಯಲಿಲ್ಲ. ಕಿವಿ ಕೇಳಿಸಲಿಲ್ಲ ಎಂದು ನಾನು ನಂಬುವುದಿಲ್ಲ, ಬಾಗಿಲ ಕೆಳಗಿನ ಸಂದಿಯಲ್ಲಿ ನಿನ್ನ ಪಾದಗಳು ಕಾಣುತ್ತಿದ್ದವು. ಕೊನೆಯ ಬಸ್ಸಿನ ಹೊತ್ತಾಯಿತು, ಹೊರಟೆ.

ನಾನು ಬಾರಿನೊಳಗೆ ಕಾಲಿಟ್ಟಾಗ ನೀನು ನನ್ನ ಕುರ್ಚಿಯಲ್ಲಿದ್ದೆ. ಅಷ್ಟು ಸಣ್ಣಗಾಗಿದ್ದೀಯ ಎಂದು ಯಾರೂ ಬರೆದಿರಲಿಲ್ಲ. ನನ್ನನ್ನು ಕಂಡು ಎದ್ದೆ. "ನೋಡಿದ್ರಾ ಅತ್ತಿಗೆ, ಬಂದ! ನಾನು ಹೇಳಿರಲಿಲ್ವಾ?" ಎಂದು ಇಡೀ ಬಾರಿಗೆ ಕೇಳುವ ಹಾಗೆ ಕೂಗಿದೆ. ನನ್ನ ಕುರ್ಚಿ ಬಿಟ್ಟುಕೊಟ್ಟು, ಅದನ್ನು ಅಂಗೈಯಿಂದ ಒರೆಸಿ, ನೀನು ನಿನ್ನ ಜಾಗಕ್ಕೆ ಹೋಗಿ ಕೂತೆ. ಆ ಗಳಿಗೆಯಲ್ಲಿ ನಾನು ಬಂದ ಕೆಲಸ ಬಿಟ್ಟು ಸುಮ್ಮನೆ ಬಂದು ಕೂತುಬಿಡೋಣ ಎನ್ನಿಸಿತು. ನಿನ್ನ ಕಣ್ಣಿನ ಹಳದಿ ನೋಡಿ ಕೂರಲಿಲ್ಲ.

ಕೌಂಟರಿನ ಮೇಲೆ ನೂರ ಹತ್ತು ಇಟ್ಟಾಗ ನೀನು "ಏನೋ ಮಾಡ್ತಿದ್ದೀಯ? ನಿಂದು ಎಂಟು ಕಣೋ, ಎಂಟು!" ಎಂದೆ. ನಾನು ಮರೆತಿದ್ದೇನೆ ಎಂದುಕೊಂಡೆ ಪಾಪ. ಅತ್ತಿಗೆ ನನ್ನನ್ನು "ಖಂಡಿತಾನಾ?" ಎಂದು ಕೇಳಿದರು. ಹೂಂ ಎಂದೆ. ಅವರು ಹಣ ಡ್ರಾಯರಿಗೆ ಹಾಕಿದರು. ನೀನು ಬೋರ್ಡು ನೋಡಿದೆ, ನನ್ನನ್ನು ನೋಡಿದೆ, ಚೀಲ ತೆಗೆದುಕೊಂಡು ಹೊರಟುಹೋದೆ. ಆ ಗ್ಲಾಸು ಅಲ್ಲೇ ಉಳಿಯಿತು, ನಾನೂ ಕುಡಿಯಲಿಲ್ಲ.

ಆರು ತಿಂಗಳಿಂದ ಬರೆಯದೆ ಇದ್ದದ್ದನ್ನು ಈಗ ಬರೆಯುತ್ತೇನೆ. ನಾನು ವಾಪಸು ಬರುವುದಿಲ್ಲ ಕಣೋ. ಸೆಪ್ಟೆಂಬರಿಗೂ ಇಲ್ಲ, ಆಮೇಲೂ ಇಲ್ಲ. ಆ ಮನೆಯಲ್ಲಿ ನನ್ನ ಹೆಂಡತಿ ತೀರಿಹೋದ ಮೇಲೆ ಎರಡು ವರ್ಷ ನಾನು ಹೇಗೆ ಕಳೆದೆ ಎಂದು ನಿನಗೆ ಗೊತ್ತು. ಸಂಜೆ ನಿನ್ನ ಜೊತೆ ಕೂತಿದ್ದು ಬಿಟ್ಟರೆ ಉಳಿದ ಹೊತ್ತೆಲ್ಲ ಗೋಡೆ ನೋಡುತ್ತಿದ್ದೆ. ಇಲ್ಲಿ ಅಕ್ಕ ಬೈಯುತ್ತಾಳೆ, ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ದಿನವಿಡೀ ಜನ ಬರುತ್ತಾರೆ, ಮಲಗಿದರೆ ನಿದ್ದೆ ಬರುತ್ತದೆ. ನಾನು ಇಲ್ಲಿ ಚೆನ್ನಾಗಿದ್ದೇನೆ. ಅದನ್ನು ನಿನಗೆ ಹೇಳಲು ನಾಚಿಕೆಯಾಗಿ ಪ್ರತಿ ಕಾಗದದಲ್ಲೂ ಬಿಯರಿನ ದರದ ಗೋಳು ತೋಡಿಕೊಂಡೆ. ನಿಜ ಹೇಳಬೇಕೆಂದರೆ ಇಲ್ಲಿಯ ಬಾರಿಗೆ ನಾನು ಹೋದದ್ದೇ ಎರಡು ಸಲ.

ಬೈದಾದರೂ ಬರೆ.

ನಿನ್ನ,
ಲಿಫ್ಟು


ನವೆಂಬರ್ ೩

ಲಿಫ್ಟು,

ಆಗಸ್ಟಿನಿಂದ ನೀನು ಬರೆದ ಕಾಗದಗಳನ್ನೆಲ್ಲ ಇವತ್ತು ಒಡೆದು ಓದಿದೆ. ಇಷ್ಟು ದಿನ ಒಡೆಯಲಿಲ್ಲ. ಮಗಳು ಓದಿ ಹೇಳುತ್ತೇನೆ ಎಂದಳು, ಬೇಡ ಎಂದೆ.

ಮೊದಲು ನನ್ನ ಸಿಟ್ಟು ಹೇಳಿಬಿಡುತ್ತೇನೆ. ನೀನು ಬಂದದ್ದು ನನ್ನ ಜೀವ ಉಳಿಸಲು ಎಂದು ಮಗಳೂ ಅತ್ತಿಗೆಯೂ ದಿನಾ ಹೇಳುತ್ತಾರೆ. ಇರಬಹುದು. ಆದರೆ ನಾನು ಕುರ್ಚಿ ಒರೆಸುವವರೆಗೆ ಸುಮ್ಮನಿದ್ದೆಯಲ್ಲೋ. ಬಾಗಿಲಲ್ಲೇ ನಿಂತು "ನಾನು ಇರೋಕೆ ಬಂದಿಲ್ಲ" ಎಂದಿದ್ದರೆ ಆಗುತ್ತಿರಲಿಲ್ಲವಾ? ಇಡೀ ಬಾರಿನ ಮುಂದೆ ನನ್ನ ಮುಖ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ಪಕ್ಕದ ಮೇಜಿನ ಹುಡುಗರು ಕೂಡ ತಲೆ ತಗ್ಗಿಸಿದರು.

ಅವತ್ತಿನಿಂದ ಕುಡಿದಿಲ್ಲ. ನಿನ್ನ ಮೇಲಿನ ಪ್ರೀತಿಗೆ ಎಂದು ಹಿಗ್ಗಬೇಡ. ನನ್ನದೂ ಇಲ್ಲ, ನಿನ್ನದೂ ಇಲ್ಲ, ಇನ್ನು ಯಾರದ್ದನ್ನು ಕುಡಿಯಲಿ? ಡಾಕ್ಟರು ಹಾಳಾದದ್ದು ಸರಿಹೋಗುವುದಿಲ್ಲ, ಇನ್ನೂ ಹಾಳಾಗದಿದ್ದರೆ ಅದೇ ದೊಡ್ಡದು ಎಂದಿದ್ದಾರೆ. ಕಣ್ಣಿನ ಹಳದಿ ಸ್ವಲ್ಪ ತಗ್ಗಿದೆ. ಏಣಿ ಹತ್ತಲು ಮಗಳು ಬಿಡುವುದಿಲ್ಲ, ಕೂತು ಬರೆಯುವ ಸಣ್ಣ ಬೋರ್ಡುಗಳನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಕುಡಿಯಬೇಡ ಎಂದು ಎಲ್ಲರೂ ಹೇಳಿದಿರಿ. ಡಾಕ್ಟರು ಹೇಳಿದರು, ಮಗಳು ಹೇಳಿದಳು, ನೀನು ಬಸ್ಸು ಹತ್ತಿ ಬಂದು ಹೇಳಿಹೋದೆ. ಸಂಜೆ ಏನು ಮಾಡಲಿ ಎಂದು ಒಬ್ಬರೂ ಹೇಳಲಿಲ್ಲ. ಕೆಲಸ ಮುಗಿಸಿ ಬ್ರಶ್ಶು ತೊಳೆದಿಟ್ಟ ಮೇಲೆ ಎಲ್ಲಿಗೆ ಹೋಗುವುದೆಂದೇ ತಿಳಿಯುವುದಿಲ್ಲ. ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬರುತ್ತೇನೆ. ಮಗಳು ಶಿಫ್ಟಿನಿಂದ ಬರುವವರೆಗೆ ಒಬ್ಬನೇ ಕೂತಿರುತ್ತೇನೆ. ಮೊನ್ನೆ ಬಾರಿನ ಬಾಗಿಲವರೆಗೂ ಹೋಗಿದ್ದೆ. ಅತ್ತಿಗೆ ಒಳಗಿನಿಂದ ನೋಡಿ, ಕೈಸನ್ನೆಯಲ್ಲೇ ಮನೆಗೆ ಹೋಗು ಎಂದರು. ಬಂದುಬಿಟ್ಟೆ.

ನೀನು ಚೆನ್ನಾಗಿದ್ದೀಯ ಎಂದು ಬರೆದ ಸಾಲನ್ನು ಎರಡು ಸಲ ಓದಿದೆ. ಅದನ್ನು ಹೇಳಲು ನಾಚಿಕೆ ಯಾಕೆ ಬಂತೋ ನಿನಗೆ? ನಿನ್ನ ಹೆಂಡತಿ ಹೋದ ದಿನದಿಂದ ನಾನು ಕೇಳಬೇಕೆಂದಿದ್ದದ್ದು ಅದೊಂದೇ ಸುದ್ದಿ. ಫೆಬ್ರವರಿಯಲ್ಲೇ ಬರೆದಿದ್ದರೆ ಒಂದು ವಾರ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಬರುತ್ತೇನೆ ಬರುತ್ತೇನೆ ಎಂದು ನೀನು ಬರೆದೆ, ನಾನು ನಂಬಿದೆ.

ಇನ್ನು ಮೇಲೆ ಬಿಯರಿನ ದರ ಬರೆಯಬೇಡ, ಏರಲಿ ಇಳಿಯಲಿ ನನಗೇನು. ಏನು ಊಟ ಮಾಡಿದೆ, ಯಾವ ಯಂತ್ರ ಕೆಟ್ಟಿತು, ಯಾವ ಗಿರಾಕಿ ಜಗಳವಾಡಿದ, ಅದನ್ನು ಬರೆ. ಬರೆದದ್ದರಲ್ಲಿ ಸುಳ್ಳಿದ್ದರೆ ನನಗೆ ಗೊತ್ತಾಗುತ್ತದೆ. ಅಂಚೆಯವನು ನಮ್ಮ ಬೀದಿಗೆ ಈಗ ಸಂಜೆ ಹೊತ್ತು ಬರುತ್ತಿದ್ದಾನೆ. ನೀನು ಬರುವುದಿಲ್ಲ ಎನ್ನುವುದು ನನಗೆ ಅರ್ಥವಾಯಿತು. ಕಾಗದ ಮಾತ್ರ ನಿಲ್ಲಿಸಬೇಡ ಕಣೋ.

ಪೇಂಟರ್